ಮುಂಗಾಲು ನೀಲವ್ವ, ಹಿಂಗಾಲು ಹುಸೇನಬಿ

ಟೀವಿ ಚಾನೆಲ್ಲಿನವರು ನಮ್ಮ ಕುದುರೆಯನ್ನು ತಿರುಗಿ ಕಳಿಸಿದರು. ಊಟದ ಮೇಜಿಗೆ ಜೀವ ಬಂದರೆ ಹೇಗೆ ನಡೆದೀತೋ ಹಾಗೆ ನಡೆಯುತ್ತದೆ ನಿಮ್ಮ ಕುದುರೆ ಎಂದು ಆ ಕಡೆಯ ಹೆಣ್ಣುಮಗಳು ಫೋನಿನಲ್ಲಿ ಹೇಳಿದಳು. ದನಿ ಮೆತ್ತಗಿತ್ತು, ಮಾತು ಸುಳ್ಳಾಗಿರಲಿಲ್ಲ. ದಸರೆ ರಜೆ ಮುಗಿಯುವುದರೊಳಗೆ ಸರಿಯಾದ ಕುದುರೆ ಕೊಟ್ಟರೆ ನೋಡೋಣ, ಇಲ್ಲದಿದ್ದರೆ ಬೇರೆಯವರಿಗೆ ಒಪ್ಪಿಸುತ್ತೇವೆ ಎಂದು ಫೋನು ಇಟ್ಟಳು.

ನಾನು ಮತ್ತು ಏಕನಾಥ ಕಾಲೇಜಿನ ದಿನಗಳಿಂದ ಗೆಳೆಯರು. ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಒಂದು ಕೋಣೆ ಹಿಡಿದು ಕಾರ್ಟೂನು ಚಿತ್ರ ಮಾಡುತ್ತೇವೆ. ನಾನು ಕಥೆ ಕಟ್ಟಿ ಚಿತ್ರ ಬಿಡಿಸುತ್ತೇನೆ, ಅವನು ಕಂಪ್ಯೂಟರಿನಲ್ಲಿ ಅದನ್ನು ಓಡಾಡಿಸುತ್ತಾನೆ. ಅಲ್ಲಿಯವರೆಗೆ ಹಲ್ಲುಪುಡಿ, ಸೊಳ್ಳೆಬತ್ತಿ, ಒಂದು ಉಪ್ಪಿನಕಾಯಿ, ಇಷ್ಟರ ಜಾಹೀರಾತು ಮಾಡಿಕೊಂಡು ಬದುಕಿದ್ದೆವು. ಇದೇ ಮೊದಲ ಸಲ ನಮಗೆ ಮಕ್ಕಳ ಚಾನೆಲ್ಲಿನಿಂದ ಒಂದು ನಿಜವಾದ ಚಿತ್ರ ಸಿಕ್ಕಿತ್ತು. ಮದುಮಗನನ್ನು ಅರ್ಧ ದಾರಿಯಲ್ಲಿ ಇಳಿಸಿ ತಾನೇ ಮದುವೆಯ ಊಟಕ್ಕೆ ಹೊರಡುವ ಕುದುರೆಯ ಕಥೆ ಅದು. ಕುದುರೆ ಮೆರವಣಿಗೆಯಲ್ಲಿ ಕುಣಿಯಬೇಕು, ನಾಚಬೇಕು, ಹೋಳಿಗೆ ಕಂಡಾಗ ಹಿಂಗಾಲಿನಲ್ಲಿ ಚಪ್ಪಾಳೆ ಹೊಡೆಯಬೇಕು. ಏಕನಾಥ ವಾರಗಟ್ಟಲೆ ಕೂತು ಒಂದೊಂದೇ ಕಾಲನ್ನು ಕೈಯಿಂದ ಸರಿಸಿ ಸರಿಸಿ ಮಾಡಿದ್ದ. ಆದರೂ ಮೇಜಾಯಿತು.

ತಪ್ಪು ಯಾರದು ಎಂಬ ಮಾತು ಬಂತು. ನಾನು ಒಂದು ಅಂದೆ, ಅವನು ಎರಡು ಅಂದ. ನಮ್ಮಿಬ್ಬರ ನಡುವಿನ ಮೇಜು ಎರಡು ಗೇಣು ಉದ್ದವಾಯಿತು. ನನ್ನ ಕೈಗೆ ಸಿಗುತ್ತಿದ್ದ ಚಹಾದ ಲೋಟ ಸಿಗದಾಯಿತು. ಏಕನಾಥ ಅದನ್ನು ನೋಡಿ, ಆಯಿತು ಮಾರಾಯ್ತಿ, ಮೊದಲು ಚಹಾ ಕುಡಿ ಅಂದ. ಲೋಟ ಹತ್ತಿರ ಬಂತು.

ನಮ್ಮ ಊರಿನಲ್ಲಿ ಹಾಗೆ. ಮನಸ್ಸು ಮುರಿದವರು ತಮ್ಮ ಜಗಳದ ಉದ್ದಕ್ಕಿಂತ ಹತ್ತಿರ ಬರಲು ಆಗುವುದಿಲ್ಲ. ಬರಲು ಹೋದರೆ ನಡುವೆ ನೆಲ ಬೆಳೆಯುತ್ತದೆ. ಸಣ್ಣ ಮುನಿಸಾದರೆ ಗೇಣು, ಮೊಳ. ದೊಡ್ಡದಾದರೆ ಒಂದು ಓಣಿ. ನಮ್ಮ ಬಡಿಗರು ಮಂಚಕ್ಕೆ ಒಂದೆರಡು ಹಲಗೆ ಹೆಚ್ಚಿಗೆ ಕೊಟ್ಟಿರುತ್ತಾರೆ. ಮದುವೆಯಲ್ಲಿ ಫೋಟೋ ತೆಗೆಯುವವನು ಎಲ್ಲರನ್ನೂ ನಿಲ್ಲಿಸುವ ಮೊದಲು ಯಾರ್ಯಾರಿಗೆ ಮಾತಿಲ್ಲ ಎಂದು ಕೇಳಿಕೊಂಡು, ಅಂಥವರನ್ನು ಎರಡು ತುದಿಗೆ ಹಾಕುತ್ತಾನೆ. ಇಲ್ಲದಿದ್ದರೆ ಮದುಮಕ್ಕಳು ಎಲ್ಲೋ, ಬೀಗರು ಎಲ್ಲೋ ಆಗಿಬಿಡುತ್ತಾರೆ.

ಮನುಷ್ಯರ ಮೈಯ ಚಲನೆಯನ್ನೇ ಕ್ಯಾಮೆರಾದಲ್ಲಿ ಹಿಡಿದು ಚಿತ್ರದ ಪಾತ್ರಕ್ಕೆ ತೊಡಿಸಿದರೆ ಹೇಗೆ ಎಂದು ಏಕನಾಥ ಹೇಳಿದ್ದು ಆ ಚಹಾದ ಮೇಲೆಯೇ. ಅದಕ್ಕೆ ದೂರ ಅಳೆಯುವ ಕ್ಯಾಮೆರಾ ಎಂಬುದೊಂದು ಇದೆಯಂತೆ. ಬಣ್ಣ, ಮುಖ ಅದಕ್ಕೆ ಬೇಡ. ಮೈಯ ಯಾವ ಭಾಗ ತನ್ನಿಂದ ಎಷ್ಟು ದೂರವಿದೆ ಎಂದಷ್ಟೇ ನೋಡಿ, ತಲೆ, ಭುಜ, ಮೊಣಕಾಲು ಎಲ್ಲಿವೆ ಎಂದು ಕಡ್ಡಿಯ ಗೊಂಬೆ ಕಟ್ಟಿಕೊಡುತ್ತದೆ. ಹಾಗಾದರೆ ಒಂದು ಕುದುರೆಯನ್ನೇ ಅದರ ಮುಂದೆ ನಿಲ್ಲಿಸೋಣ ಎಂದೆ. ಅದಕ್ಕೆ ಮನುಷ್ಯರ ಮೈ ಮಾತ್ರ ಗೊತ್ತು, ಕುದುರೆಯನ್ನು ಕಂಡರೆ ಸೋಫಾ ಅಂದುಕೊಳ್ಳುತ್ತದೆ ಎಂದ. ಅಲ್ಲಿಗೆ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು, ನಾಟಕದ ಕುದುರೆ.

ನಮ್ಮ ಊರಲ್ಲಿ ಹಿಂದೆ ಒಂದು ನಾಟಕ ಕಂಪನಿ ಇತ್ತು. ಅದರಲ್ಲಿ ರಾಜ, ರಾಣಿ ಯಾರು ಬೇಕಾದರೂ ಬದಲಾಗಲಿ, ಕುದುರೆ ಮಾತ್ರ ಬದಲಾಗುತ್ತಿರಲಿಲ್ಲ. ಬಟ್ಟೆಯ ಕುದುರೆ. ಒಳಗೆ ಇಬ್ಬರು ಹೆಂಗಸರು. ಮುಂಗಾಲು ನೀಲವ್ವ, ಹಿಂಗಾಲು ಹುಸೇನಬಿ. ಆ ಕುದುರೆ ಬಾಲ ಬೀಸಿದರೆ ಜನ ಶಿಳ್ಳೆ ಹಾಕುತ್ತಿದ್ದರು. ಸಿಟ್ಟು ಬಂದರೆ ಅದರ ಹಿಂಭಾಗವೊಂದೇ ಮೊದಲು ತಿಳಿಸುತ್ತಿತ್ತು, ಮುಂಭಾಗಕ್ಕೆ ಆಮೇಲೆ ಗೊತ್ತಾಗುತ್ತಿತ್ತು. ಚಿಕ್ಕಂದಿನಲ್ಲಿ ನಾನು ಅದು ಬಟ್ಟೆಯದು ಎಂದು ತಿಳಿದೂ ಅದಕ್ಕೆ ಕಡಲೆ ಒಯ್ದು ತಿನ್ನಿಸಿದ್ದೆ. ಒಳಗಿಂದ ಒಂದು ಕೈ ಬಂದು ತೆಗೆದುಕೊಂಡಿತ್ತು.

ಈಗ ನೀಲವ್ವ ಖಾನಾವಳಿ ನಡೆಸುತ್ತಾಳೆ. ಹುಸೇನಬಿ ಮಗನ ಜೊತೆ ಗಾದಿ ಅಂಗಡಿ ಇಟ್ಟಿದ್ದಾಳೆ. ಖಾನಾವಳಿಯ ಗೋಡೆಗೆ ಗಾದಿ ಅಂಗಡಿಯ ಗೋಡೆ ಅಂಟಿಕೊಂಡಿತ್ತು, ಕಂಪನಿಯ ಕಡೆಯ ಆಟದವರೆಗೆ. ಆ ಆಟದಲ್ಲಿ ನೀಲವ್ವ ಎಂದಿನಂತೆ ಸೂಚನೆ ಕೊಡದೆ ತಿರುಗಿಬಿಟ್ಟಳು. ಹಿಂದಿದ್ದ ಹುಸೇನಬಿ ರಂಗದ ಅಂಚಿನಿಂದ ಕೆಳಗೆ ಬಿದ್ದಳು. ಕುದುರೆ ನಡುವೆ ಹರಿದು ಎರಡಾಯಿತು. ಜನ ಬಿದ್ದು ಬಿದ್ದು ನಕ್ಕರು. ಕುದುರೆಯ ತಲೆಯೊಳಗೆ ನೀಲವ್ವನೂ ನಕ್ಕಳು, ಅದು ಹುಸೇನಬಿಯ ಕಿವಿಗೆ ಬಿತ್ತು. ಆಮೇಲೆ ನೋಡಿದರೆ ಹುಸೇನಬಿಯ ಬಲಗೈ ಮುರಿದಿತ್ತು.

ಅಂದಿನಿಂದ ಆ ಎರಡು ಗೋಡೆಗಳ ನಡುವೆ ಒಂದು ಬಯಲೇ ಬಂದುಬಿಟ್ಟಿದೆ. ಅಂಥ ಜಾಗದಲ್ಲಿ ನಮ್ಮ ಊರವರು ಅಡಿಪಾಯ ಹಾಕುವುದಿಲ್ಲ, ಯಾವಾಗ ಮಡಚಿಕೊಳ್ಳುತ್ತದೋ ಹೇಳಲಾಗದು. ಗಾಲಿ ಇದ್ದದ್ದು ಮಾತ್ರ ನಿಲ್ಲಿಸುತ್ತಾರೆ. ಒಂದು ಚಹಾದ ಗಾಡಿ, ಒಂದು ಎಳನೀರಿನ ಗಾಡಿ, ಛತ್ರಿಯ ಕೆಳಗೆ ಕುರ್ಚಿ ಹಾಕಿಕೊಂಡ ಕ್ಷೌರದ ಶಂಕ್ರಪ್ಪ. ಉಳಿದ ಜಾಗದಲ್ಲಿ ಹುಡುಗರ ಕ್ರಿಕೆಟ್ಟು. ನೀಲವ್ವ ತಂಗಿಯ ಊರಿಗೆ ಹೋದ ದಿನ ಬಯಲು ಮಡಚಿಕೊಂಡು ಗೋಡೆಗೆ ಗೋಡೆ ಕೂಡುತ್ತದೆ, ಅಂದು ಇವರೆಲ್ಲರಿಗೂ ರಜೆ.

ಕ್ಯಾಮೆರಾ ಮಾರುವ ಕಂಪನಿಗೆ ಫೋನು ಮಾಡಿದೆವು. ನಗರದಿಂದ ಫೆಲಿಕ್ಸ್ ಎಂಬ ಹುಡುಗಮುಖದ ಮನುಷ್ಯ ಮೂರು ಪೆಟ್ಟಿಗೆ ಹಿಡಿದುಕೊಂಡು ಬಂದ. ಒಂದು ವಾರ ಪರೀಕ್ಷೆ ಮಾಡಿ, ಬೇಕಾದದ್ದು ಇಟ್ಟುಕೊಂಡು ಉಳಿದದ್ದು ಕೊಡಿ ಎಂಬುದು ಅವನ ಷರತ್ತು. ಮೂರನ್ನೂ ಮೇಜಿನ ಮೇಲೆ ಇಟ್ಟು ಅವನು ತುಂಬ ಚೆನ್ನಾಗಿ ವಿವರಿಸಿದ. ಮೊದಲನೆಯದು ಕಣ್ಣಿಗೆ ಕಾಣದ ಬೆಳಕಿನ ಚುಕ್ಕೆಗಳನ್ನು ಮೈಮೇಲೆ ಚೆಲ್ಲಿ, ಚುಕ್ಕೆ ಎಲ್ಲೆಲ್ಲಿ ಸೊಟ್ಟಗಾಯಿತು ಎಂದು ನೋಡುತ್ತದೆ. ಅಗ್ಗ, ಆದರೆ ಬಿಸಿಲಿನಲ್ಲಿ ಕುರುಡು. ಎರಡನೆಯದು ಬೆಳಕನ್ನು ಕಳಿಸಿ ಅದು ತಿರುಗಿ ಬರಲು ಎಷ್ಟು ಹೊತ್ತಾಯಿತು ಎಂದು ಎಣಿಸುತ್ತದೆ. ಬೆರಳುಗಳೂ ಬಿಡಿಬಿಡಿಯಾಗಿ ಕಾಣುತ್ತವೆ, ಆದರೆ ಒಂದು ಕೋಣೆಯಷ್ಟು ದೂರದ ಆಚೆ ಕೆಲಸಕ್ಕಿಲ್ಲ, ಕಪ್ಪು ಬಟ್ಟೆ ಕಂಡರೆ ಕಂಗಾಲಾಗುತ್ತದೆ. ಮೂರನೆಯದಕ್ಕೆ ನಮ್ಮ ಹಾಗೆ ಎರಡು ಕಣ್ಣು. ಬಿಸಿಲಲ್ಲೂ ನೋಡುತ್ತದೆ, ದೂರವೂ ನೋಡುತ್ತದೆ, ಆದರೆ ಕೈಗಳು ಹಿಟ್ಟಿನ ಮುದ್ದೆಯ ಹಾಗೆ ಬರುತ್ತವೆ.

ಏಕನಾಥನಿಗೆ ಎರಡನೆಯದು ಬೇಕು. ನನಗೆ ಮೂರನೆಯದು. ಆ ಇಬ್ಬರ ನಡುವೆ ಒಂದು ಬಯಲು ಇರುವಾಗ ದೂರ ನೋಡುವ ಕಣ್ಣೇ ಬೇಕಲ್ಲ ಎಂದು ನನ್ನ ವಾದ. ಬೆರಳೇ ಕಾಣದ ಕುಣಿತ ಎಂಥ ಕುಣಿತ ಎಂದು ಅವನದು. ಫೆಲಿಕ್ಸ್ ಚಹಾದ ಲೋಟ ಎತ್ತಿಕೊಳ್ಳಲು ಬಗ್ಗಿದ. ಲೋಟ ಸ್ವಲ್ಪ ಆಚೆ ಹೋಯಿತು. ಇನ್ನೂ ಬಗ್ಗಿದ. ಮೊದಲ ಸಲ ಊರಿಗೆ ಬಂದವನು, ಪಾಪ, ಏನೂ ಕೇಳದೆ ಎದ್ದು ನಡೆದುಕೊಂಡು ಹೋಗಿ ಲೋಟ ತಂದ. ಆಮೇಲೆ ತನ್ನ ಟೇಪು ತೆಗೆದು ಮೇಜನ್ನು ಎರಡು ಸಲ ಅಳೆದ.

ಹೆಂಗಸರನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ನೀಲವ್ವ ರೊಟ್ಟಿ ಬಡಿಯುತ್ತಲೇ ಎಲ್ಲಾ ಕೇಳಿದಳು. ಕುದುರೆ ಅಂದಾಗ ಬಡಿಯುವ ಕೈ ನಿಂತಿತು. ಹುಸೇನಬಿ ಒಪ್ಪಿದರೆ ತನ್ನದೇನೂ ಇಲ್ಲ ಎಂದಳು. ಆಮೇಲೆ ನಾನು ಕೇಳದಿದ್ದರೂ ಆಸ್ಪತ್ರೆಯ ಕಥೆ ಹೇಳಿದಳು. ಹುಸೇನಬಿಯನ್ನು ಸೇರಿಸಿದ ಮರುದಿನ ಈಕೆ ರವೆಯ ಸಜ್ಜಕ ಮಾಡಿ ಡಬ್ಬಿ ಹಿಡಿದು ಹೋಗಿದ್ದಳಂತೆ. ವಾರ್ಡಿನ ಬಾಗಿಲು ಎದುರಿಗೇ ಕಾಣುತ್ತಿತ್ತು. ನಡೆದಷ್ಟೂ ನಡುವಿನ ಹಾದಿ ಬೆಳೆಯಿತು. ಔಷಧದ ತಟ್ಟೆ ಹಿಡಿದ ನರ್ಸುಗಳು ನಡೆದು ನಡೆದು ಸಾಕಾಗಿ, ಯಾರವ್ವ ಇವಳು ಎಂದು ಬೈಯತೊಡಗಿದರು. ಸಂಜೆಯವರೆಗೆ ನಡೆದು, ಕಾಲು ಸೋತು, ಡಬ್ಬಿಯನ್ನು ಬಾಗಿಲು ಕಾಯುವವನ ಕೈಗೆ ಕೊಟ್ಟು ಬಂದಳು. "ನಾ ನಕ್ಕಿದ್ದು ಖರೆ, ವತ್ಸಲಾ. ಎಲ್ಲಾರೂ ನಕ್ರು, ನನಗೂ ನಗಿ ಬಂತು. ಕೈ ಮುರದದ್ದು ಗೊತ್ತಿದ್ರ ನಗ್ತಿದ್ನೇನು?" ಎಂದಳು. ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಹುಸೇನಬಿಯ ಕಡೆಗೆ ಹೋಗಲು ಬಯಲು ದಾಟಬೇಕು. ಆಕೆ ಹತ್ತಿಯ ರಾಶಿಯ ನಡುವೆ ಕೂತು ಗಾದಿ ಹೊಲಿಯುತ್ತಿದ್ದಳು. ಕೈ ಸರಿಹೋಗಿ ಎಷ್ಟೋ ಕಾಲವಾಗಿತ್ತು, ಆದರೂ ಸೂಜಿ ಚುಚ್ಚುವಾಗ ಮೊಣಕೈ ಸ್ವಲ್ಪ ಎತ್ತಿ ಹಿಡಿಯುತ್ತಿದ್ದಳು. ಕುದುರೆ ಮತ್ತೆ ಕುಣಿಯಬೇಕು ಎಂದಾಗ ನಕ್ಕಳು. ನನಗೆ ಅರವತ್ತಾತು, ಹಿಂಗಾಲಿಗೂ ಅರವತ್ತು ಎಂದಳು. ನೀಲವ್ವನ ಹೆಸರು ಬಂದಾಗ ದಾರ ಕಡಿದಳು. ಆಸ್ಪತ್ರೆಗೆ ಒಂದು ದಿನ ಬಂದು ಹೇಗಿದ್ದೀ ಎಂದು ಕೇಳಲಿಲ್ಲ ಎಂದಳು. ನನ್ನ ಬಾಯಿಯ ತುದಿಯವರೆಗೆ ಸಜ್ಜಕ ಬಂದಿತ್ತು. ನುಂಗಿಕೊಂಡೆ. ನಮ್ಮ ಊರಲ್ಲಿ ಮುನಿದವರ ನಡುವೆ ಮಾತು ಒಯ್ಯುವುದಿಲ್ಲ. ಒಯ್ದವರಿಗೆ ಕಡೆಗೆ ಇಬ್ಬರೂ ದೂರವಾಗುತ್ತಾರೆ. ಹತ್ತಿರ ಬರಬೇಕಾಗಿಲ್ಲ ಆಪಾ, ನೀವು ಒಂದು ತುದಿಗೆ, ಅವರು ಒಂದು ತುದಿಗೆ ನಿಂತರೆ ಸಾಕು ಎಂದೆ. ಆಕೆ ಇನ್ನೊಂದು ಹಿಡಿ ಹತ್ತಿ ಎತ್ತಿಕೊಂಡು ಬಿಡಿಸಿದಳು. ಕುದುರೆಯ ಸಲುವಾಗಿ ಬರ್ತೀನಿ, ಆಕೀ ಸಲುವಾಗಿ ಅಲ್ಲ ಎಂದಳು.

ಹೊರಗೆ ಬಂದರೆ ಶಂಕ್ರಪ್ಪ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ನನ್ನ ಹಿಂದೆ ಬಂದ. "ಅಕ್ಕಾರ, ಒಳ್ಳೇ ಕೆಲಸ ಮಾಡಾಕ ಹೊಂಟೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಪೂರಾ ಕೂಡಸಬ್ಯಾಡ್ರಿ. ಒಂದು ಕುರ್ಚಿ, ಒಂದು ಛತ್ರಿ ಹಿಡಿಸುವಷ್ಟು ಉಳಸ್ರಿ," ಎಂದ. ಕೂಡಿಸಲು ಬಂದಿಲ್ಲ, ಕುಣಿಸಲು ಬಂದಿದ್ದೇನೆ ಎಂದೆ. ಅವನಿಗೆ ಅಷ್ಟೇನೂ ನೆಮ್ಮದಿಯಾದಂತೆ ಕಾಣಲಿಲ್ಲ.

ಶಾಲೆಗೆ ರಜೆ ಇದ್ದುದರಿಂದ ಅದರ ಆಟದ ಮೈದಾನ ಸಿಕ್ಕಿತು. ನೀಲವ್ವ ಶಾಲೆಯ ಜಗುಲಿಯ ಕಡೆ, ಹುಸೇನಬಿ ಆಚೆ ತುದಿಯ ಬೇವಿನ ಮರದ ಕಡೆ. ಇಬ್ಬರೂ ಒಂದೊಂದು ಹೆಜ್ಜೆ ಮುಂದೆ ಬಂದರೆ ಮೈದಾನ ಅಷ್ಟೇ ಹಿಗ್ಗಿತು. ನೀಲವ್ವ ತನ್ನ ಬಳಿ ಇದ್ದ ಎಲ್ಲಕ್ಕಿಂತ ಒಳ್ಳೆಯ ಚಂದ್ರಕಾಳಿ ಸೀರೆ ಉಟ್ಟುಕೊಂಡು ಬಂದಿದ್ದಳು. ಏಕನಾಥ ತನ್ನ ಮೆಚ್ಚಿನ ಎರಡನೆಯ ಕ್ಯಾಮೆರಾ ಹಚ್ಚಿ ನೋಡಿದ. ಪರದೆಯ ಮೇಲೆ ಒಂದು ತಲೆ, ಎರಡು ಕೈ ಗಾಳಿಯಲ್ಲಿ ತೇಲುತ್ತಿದ್ದವು. ನಡುವೆ ಮೈಯೇ ಇಲ್ಲ. ಕರಿ ಸೀರೆ ಬೆಳಕನ್ನೆಲ್ಲ ನುಂಗಿತ್ತು. ಅಲ್ಲದೆ ಸೀರೆ ಯಾವ ಬಣ್ಣದ್ದಾದರೂ ಉಟ್ಟವರಿಗೆ ಈ ಯಂತ್ರದ ಪ್ರಕಾರ ಒಂದೇ ಕಾಲು. ಸೀರೆ ಬದಲಿಸಬೇಕು ಎಂದರೆ ನೀಲವ್ವ ಬಿಲ್ಕುಲ್ ಒಪ್ಪಲಿಲ್ಲ. ಇಷ್ಟು ವರ್ಷಕ್ಕೆ ನೋಡುತ್ತಾಳೆ, ಪೈಜಾಮಾದಲ್ಲಿ ನೋಡಲೇನು ಎಂದು ಗೊಣಗಿದಳು. ಯಾರು ನೋಡುತ್ತಾರೆ ಎಂದು ನಾವು ಕೇಳಲಿಲ್ಲ. ಕಡೆಗೆ ಏಕನಾಥನ ಬಿಳಿ ಪೈಜಾಮಾ ಹಾಕಿಕೊಂಡಳು. ಆ ತುದಿಯಲ್ಲಿ ಹುಸೇನಬಿ ಕೇಳುವ ಮೊದಲೇ ಮಗನ ಪೈಜಾಮಾ ತೊಟ್ಟು ನಿಂತಿದ್ದಳು. ಕಂಪನಿಯಲ್ಲಿ ಕುದುರೆಯೊಳಗೆ ಇಬ್ಬರೂ ಪೈಜಾಮಾ ತೊಟ್ಟೇ ಕುಣಿದವರು.

ಆಮೇಲೆ ನನ್ನ ಎರಡು ಕಣ್ಣಿನ ಕ್ಯಾಮೆರಾದ ಸರದಿ. ಅದನ್ನು ಮೈದಾನದ ಪಕ್ಕದಲ್ಲಿ, ಇಬ್ಬರೂ ಕಾಣುವಷ್ಟು ದೂರದಲ್ಲಿ ಇಟ್ಟೆವು. ಇಬ್ಬರೂ ಕಂಡರು, ಒಂದೊಂದು ಶೇಂಗಾಬೀಜದಷ್ಟು. ಶೇಂಗಾಬೀಜ ಕುಣಿಯಿತು. ಅದರಿಂದ ಕುದುರೆ ಮಾಡುವುದು ಯಾವ ದೇವರಿಗೂ ಆಗದು. ಏಕನಾಥ ಪರದೆಯ ಹತ್ತಿರ ಬಗ್ಗಿ ಬೆರಳು ಎಣಿಸುವಂತೆ ಮಾಡಿದ, ಅದು ನನಗೆ ಸಿಟ್ಟು ತಂದಿತು. ನಾನು ಅವನಿಂದ ಮಾರು ದೂರ ಹೋದೆ, ಹೋಗದೆಯೇ.

ಆಗ ಫೆಲಿಕ್ಸ್ ಒಂದು ಉಪಾಯ ಹೇಳಿದ. ಒಬ್ಬೊಬ್ಬರಿಗೆ ಒಂದೊಂದು ಕ್ಯಾಮೆರಾ ಹಚ್ಚೋಣ, ಕಂಪ್ಯೂಟರಿನಲ್ಲಿ ನಡುವಿನ ಮೈದಾನ ಕತ್ತರಿಸಿ ಕೂಡಿಸೋಣ ಎಂದ. ಅವನಿಗೆ ಅಷ್ಟರಲ್ಲಿ ಊರು ಅಭ್ಯಾಸವಾಗಿತ್ತು. ಜಗುಲಿಯ ನೆರಳಿನಲ್ಲಿ ನೀಲವ್ವನ ಮಗ್ಗುಲಿಗೆ ಎರಡನೆಯ ಕ್ಯಾಮೆರಾ ಇಟ್ಟು ಏಕನಾಥ ನಿಂತ. ಬೇವಿನ ಮರಕ್ಕೆ ತಾಡಪತ್ರಿ ಕಟ್ಟಿ, ಅದರ ನೆರಳಿನಲ್ಲಿ ಹುಸೇನಬಿಗೆ ಮೊದಲನೆಯದು. ಕಂಪ್ಯೂಟರು ನನ್ನ ಬಳಿ, ಈ ಮರದ ತುದಿಗೆ. ಜಗುಲಿಯಿಂದ ಇಲ್ಲಿಗೆ ಮೈದಾನದ ಉದ್ದಕ್ಕೂ ಒಂದು ತಂತಿ ಎಳೆದೆವು. ಡೋಲು ಬಾರಿಸುವವನನ್ನು ನಡುವೆ ಕೂಡಿಸಿದೆವು. ಇಬ್ಬರೂ ಕುಣಿದರು. ಅರವತ್ತರ ಕಾಲುಗಳು ಎಂದು ಯಾರೂ ಹೇಳುವಂತಿರಲಿಲ್ಲ.

ಕೂಡಿಸಿ ನೋಡಿದರೆ ಕುದುರೆ ಆಗಿರಲಿಲ್ಲ. ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಆಡುಗಳ ಹಾಗಿತ್ತು. ಮುಂದಿನದು ಎಡಕ್ಕೆ ಹೊರಟರೆ ಹಿಂದಿನದು ಯೋಚಿಸಿ ಬರುತ್ತಿತ್ತು. ತಾಳ ಸರಿ ಇತ್ತು, ಹೆಜ್ಜೆ ಸರಿ ಇತ್ತು, ಕುದುರೆ ಇರಲಿಲ್ಲ. ನಾನು ಹತ್ತು ಸಲ ಹಿಂದೆ ಮುಂದೆ ಸರಿಸಿದೆ. ಫೆಲಿಕ್ಸ್ ತನ್ನ ಪೆಟ್ಟಿಗೆಗಳ ಕಡೆ ನೋಡಿದ. ಇಲ್ಲಿಗೆ ನಮ್ಮ ಚಿತ್ರವೂ ಮುಗಿಯಿತು, ಮಾಳಿಗೆಯ ಬಾಡಿಗೆ ಕೋಣೆಯೂ ಮುಗಿಯಿತು, ಮತ್ತೆ ಉಪ್ಪಿನಕಾಯಿ ಎಂದುಕೊಂಡೆ.

ಹುಸೇನಬಿ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಹಿಂದೆ ನಿಂತಳು. ಪರದೆಯ ಮೇಲೆ ಮುಖವಿಲ್ಲದ ಎರಡು ಬೂದಿಬಣ್ಣದ ಮೈಗಳು ಒಂದರ ಹಿಂದೆ ಒಂದು ನಿಂತಿದ್ದವು. ನಡುವೆ ಬಯಲಿರಲಿಲ್ಲ. ಆಕೆ ಬಗ್ಗಿ ನೋಡಿದಳು. ಇನ್ನೊಮ್ಮೆ ಓಡಿಸು ಎಂದಳು. ಓಡಿಸಿದೆ. ಮುಂದಿನ ಮೈಯನ್ನು ದೊಡ್ಡದು ಮಾಡು ಎಂದಳು. ಮಾಡಿದೆ. ಆಗ ನನಗೂ ಕಂಡಿತು. ನೀಲವ್ವನ ಬಲಗೈ ಮುಂದೆ ಕುದುರೆಯ ಕುತ್ತಿಗೆ ಆಡಿಸುತ್ತಿತ್ತು. ಎಡಗೈ ಮಾತ್ರ ಬೆನ್ನ ಹಿಂದೆ, ಸೊಂಟದ ಬಳಿ, ಅಂಗೈ ಹಿಂದಕ್ಕೆ ಮಾಡಿಕೊಂಡು ಇತ್ತು. ಪ್ರತಿ ತಿರುವಿಗೂ ಮೊದಲು ಅದರ ಬೆರಳುಗಳು ತೆರೆದು ಮುಚ್ಚುತ್ತಿದ್ದವು. ಕುಣಿತ ಮುಗಿಯುವವರೆಗೂ ಆ ಕೈ ಅಲ್ಲಿಂದ ಸರಿದಿರಲಿಲ್ಲ.

ಬಟ್ಟೆಯೊಳಗೆ ಇದನ್ನು ಯಾರೂ ಕಂಡಿರಲಿಲ್ಲ. ನೋಡಿದ ಜನರಿಗೆ ಕುದುರೆ ಕಂಡಿತ್ತು, ಹುಸೇನಬಿಗೆ ಕತ್ತಲು.

"ಫೋನ್ ಹಚ್ಚು ಆಕೀಗೆ," ಎಂದಳು. ಫೋನಿಗೆ ದೂರ ಹತ್ತಿರ ಎಂಬುದಿಲ್ಲ, ಆದರೂ ನಮ್ಮ ಊರಲ್ಲಿ ಮಾತು ಬಿಟ್ಟವರು ಫೋನು ಮಾಡುವುದಿಲ್ಲ. ಕಳ್ಳದಾರಿ ಎಂದು ತಿಳಿಯುತ್ತಾರೆ. ಏಕನಾಥನ ಫೋನಿಗೆ ಹಚ್ಚಿ, ನೀಲವ್ವನ ಕೈಗೆ ಕೊಡು ಎಂದೆ. ದೂರದಲ್ಲಿ ಜಗುಲಿಯ ಮೇಲೆ ಬಿಳಿ ಪೈಜಾಮಾದ ಒಂದು ಆಕೃತಿ ಕಿವಿಗೆ ಕೈ ಹಚ್ಚಿದ್ದು ಕಂಡಿತು. ನನ್ನ ಫೋನಿನ ದನಿ ಜೋರು, ಎಲ್ಲವೂ ಕೇಳುತ್ತಿತ್ತು.

"ಕೈ ಯಾಕ ಹಿಂದ ಮಾಡ್ತಿ?" ಎಂದು ಕೇಳಿದಳು ಹುಸೇನಬಿ. ಸುಖದುಃಖದ ಮಾತು ಒಂದೂ ಇಲ್ಲ.

"ಯಾವ ಕೈ?"

"ಎಡಗೈ."

ಜಗುಲಿಯ ಮೇಲಿನ ಆಕೃತಿ ತನ್ನ ಕೈಯನ್ನು ಮುಂದೆ ತಂದು ನೋಡಿಕೊಂಡಿತು. "ನನಗ ಗೊತ್ತಿಲ್ಲ," ಎಂದಿತು ನೀಲವ್ವನ ದನಿ. "ಕತ್ತಲಾಗ ನೀ ಅದನ್ನ ಹಿಡಕೋತಿದ್ದೆಲ್ಲಾ. ಅದಕ್ಕ ಇರಬೇಕು."

ಹುಸೇನಬಿ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದಳು. ಈಗ ಇಡುತ್ತಾಳೆ ಎಂದುಕೊಂಡೆ. "ಅವತ್ತ ವಾರ್ಡ್ ಉದ್ದ ಆಗಿತ್ತು," ಎಂದಳು. "ಸಿಸ್ಟರು ಬೈಕೋತ ಓಡಾಡಾಕತ್ತಿದ್ರು. ಇನ್ನೊಬ್ಬರ ಸಲುವಾಗಿ ಇರಬೇಕು ಅಂತ ನಾ ಎಲ್ಲಾರ ಮುಂದ ಅಂದೆ. ನೀ ಬಂದದ್ದು ನನಗ ಗೊತ್ತಿತ್ತು, ನೀಲಾ."

"ಗೊತ್ತಿದ್ರ ಕರೀಬೇಕಿಲ್ಲೇನು?"

"ಸಿಟ್ಟಿತ್ತು. ಕೈ ಬ್ಯಾರೆ ನೋಯ್ತಿತ್ತು."

"ಸಜ್ಜಕ ತಂದಿದ್ದೆ."

"ಏನ್ ಮಾಡಿದಿ ಅದನ್ನ?"

"ಬಾಗಲಾ ಕಾಯಾಂವಗ ಕೊಟ್ಟೆ. ಸಕ್ಕರಿ ಕಡಿಮಿ ಆಗೇತಿ ಅಂದ ಆ ಭಾಡ್ಯಾ."

ಹುಸೇನಬಿಗೆ ನಗು ಬಂತು. ತಡೆದುಕೊಂಡಳು, ತಡೆದಷ್ಟೂ ಭುಜ ಕುಣಿಯಿತು. ಫೋನಿನಲ್ಲಿ ನೀಲವ್ವನೂ ನಗುತ್ತಿದ್ದಳು. ನಗುತ್ತಲೇ, ನಗಬಾರದಿತ್ತು ಹುಸೇನಾ, ಅವತ್ತು ನಗಬಾರದಿತ್ತು ಎನ್ನುತ್ತಿದ್ದಳು. ಹುಸೇನಬಿ ಹೂಂ ಎಂದಳು.

ಮೊದಲು ಗೊತ್ತಾದದ್ದು ತಂತಿಯಿಂದ. ಬಿಗಿಯಾಗಿ ಎಳೆದಿದ್ದ ತಂತಿ ಸಡಿಲಾಗಿ ನನ್ನ ಕಾಲಬಳಿ ಸುರುಳಿ ಸುರುಳಿಯಾಗಿ ಬೀಳತೊಡಗಿತು. ಫೆಲಿಕ್ಸ್ ಅದನ್ನು ಸುತ್ತಿಡುತ್ತ ಹೋದ, ಸುತ್ತಿದಷ್ಟೂ ಬಂತು. ತಲೆ ಎತ್ತಿದರೆ ಶಾಲೆಯ ಜಗುಲಿ ನಮ್ಮ ಕಡೆ ಬರುತ್ತಿತ್ತು, ಅದರ ಮೇಲೆ ಕ್ಯಾಮೆರಾ ಹಿಡಿದುಕೊಂಡ ಏಕನಾಥ, ಕಿವಿಗೆ ಫೋನು ಹಚ್ಚಿಕೊಂಡ ನೀಲವ್ವ. ನಡುವೆ ಕೂತಿದ್ದ ಡೋಲಿನವನು ಡೋಲು ಎತ್ತಿಕೊಂಡು ಪಕ್ಕಕ್ಕೆ ಸರಿದ. ಒಂದು ಸೀರೆಯನ್ನು ಬಿಡಿಸಿ ಹಿಡಿದರೆ ಎಷ್ಟಾದೀತೋ ಅಷ್ಟು ದೂರದಲ್ಲಿ ಜಗುಲಿ ನಿಂತಿತು. ನಾವು ಕಾದೆವು. ಅದಕ್ಕಿಂತ ಮುಂದೆ ಬರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹತ್ತಿರದಿಂದ ನೋಡಿದ್ದು ಎಷ್ಟೋ ವರ್ಷದ ಮೇಲೆ. ದಪ್ಪ ಆಗಿದ್ದಾಳೆ ಎಂದು ನೀಲವ್ವ ನನಗೆ ಹೇಳಿದಳು. ಪೈಜಾಮಾ ಒಪ್ಪುತ್ತದೆ ಆಕೆಗೆ ಎಂದು ಹುಸೇನಬಿ ಏಕನಾಥನಿಗೆ ಹೇಳಿದಳು.

ಉಳಿದದ್ದು ಉಳಿಯಲಿ, ಅದನ್ನೂ ಒಂದೇ ದಿನದಲ್ಲಿ ಕರಗಿಸಲು ಆಗುವುದಿಲ್ಲ ಎಂದು ಹುಸೇನಬಿಯೇ ಹೇಳಿ, ಮಗನಿಗೆ ಫೋನು ಮಾಡಿ ಅಂಗಡಿಯಿಂದ ಗಾದಿಯ ಬಟ್ಟೆಯ ಒಂದು ಥಾನು ತರಿಸಿದಳು. ದಪ್ಪನೆಯ ಪಟ್ಟೆ ಬಟ್ಟೆ. ಅದರ ಒಂದು ತುದಿಯನ್ನು ಏಕನಾಥ ನೀಲವ್ವನ ಸೊಂಟಕ್ಕೆ ಕಟ್ಟಿದ. ಇನ್ನೊಂದು ತುದಿಯನ್ನು ಹುಸೇನಬಿ ತನ್ನ ಎರಡೂ ಕೈಗೆ ಸುತ್ತಿಕೊಂಡು ಬಿಗಿ ಹಿಡಿದಳು. ನೀಲವ್ವ ಸ್ವಲ್ಪ ಎಡಕ್ಕೆ ವಾಲಿದಳು. ಹುಸೇನಬಿ ಕಣ್ಣು ಮುಚ್ಚಿಕೊಂಡು ಎಡಕ್ಕೆ ವಾಲಿದಳು. ಸಿಗತೈತಿ ಎಂದಳು.

ಈಗ ಇಬ್ಬರೂ ಒಂದು ಕೋಣೆಯೊಳಗೆ ಹಿಡಿಸುತ್ತಿದ್ದರು. ಏಕನಾಥ ನನ್ನ ಕಡೆ ನೋಡಿದ. ನಿನ್ನ ಕ್ಯಾಮೆರಾನೇ ಹಚ್ಚು ಎಂದೆ. ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ಕಿಟಕಿ ಮುಚ್ಚಿ, ಎರಡನೆಯ ಕ್ಯಾಮೆರಾವನ್ನು ಮಗ್ಗುಲಿಗೆ ನಿಲ್ಲಿಸಿದೆವು. ಡೋಲು ಶುರುವಾಯಿತು. ಪರದೆಯ ಮೇಲೆ ಮೂರು ಸಂಗತಿ ಕಂಡವು: ಒಂದು ಮೈ, ಒಂದು ಮೈ, ನಡುವೆ ಬೂದಿಬಣ್ಣದ ತೆಳ್ಳನೆಯ ಸೇತುವೆಯಂಥ ಬಟ್ಟೆ. ನೀಲವ್ವ ನಾಚಿದರೆ ಬಟ್ಟೆ ನಡುಗಿ, ಹುಸೇನಬಿಯ ಸೊಂಟ ನಾಚುತ್ತಿತ್ತು. ಹೋಳಿಗೆ ಬಂತು ಎಂದು ನಾನು ಕೂಗಿದೆ. ಹುಸೇನಬಿ ಹಿಂಗಾಲಿನಲ್ಲಿ ಚಪ್ಪಾಳೆ ಹೊಡೆದಳು. ಅದು ಹೇಗೆ ಹೊಡೆದಳು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ, ಕ್ಯಾಮೆರಾಕ್ಕೆ ಗೊತ್ತಿದೆ. ಮುಗಿದ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಎರಡು ಬೆಂಚಿನ ಮೇಲೆ ಕೂತರು. ಮುಂಗಾಲಿಗೆ ನೀರು, ಹಿಂಗಾಲಿಗೆ ಸೋಡಾ ತಂದುಕೊಟ್ಟೆವು.

ಫೆಲಿಕ್ಸ್ ಎರಡು ಪೆಟ್ಟಿಗೆ ಹಿಡಿದುಕೊಂಡು ಹೋದ, ಒಂದನ್ನು ಬಿಟ್ಟು ಹೋದ. ಬಸ್ಸು ಹತ್ತುವ ಮೊದಲು, ತನ್ನ ಮನೆಯಲ್ಲಿ ತಂದೆಯ ಜೊತೆ ಮಾತಿಲ್ಲ, ನಮ್ಮ ಊರಿನವರಿಗೆ ಕನಿಷ್ಠ ಎಷ್ಟು ದೂರವಿದೆ ಎಂದು ಅಳೆಯಲಾದರೂ ಬರುತ್ತದೆ ಎಂದ. ಏಕನಾಥ ರಜೆ ಮುಗಿಯುವ ಮೊದಲೇ ಕುದುರೆ ಮುಗಿಸಿದ. ನಡುವಿನ ಬಟ್ಟೆಯನ್ನು ಕಂಪ್ಯೂಟರಿನಲ್ಲಿ ಪೂರ್ತಿ ಅಳಿಸಬಹುದಿತ್ತು. ಅಳಿಸಿ ನೋಡಿದೆವು, ಏನೋ ಕಳೆದುಕೊಂಡಂತೆ ಅನಿಸಿ ಸ್ವಲ್ಪ ಉಳಿಸಿದೆವು. ಹಾಗಾಗಿ ನಮ್ಮ ಕುದುರೆಯ ಹೊಟ್ಟೆ ಉದ್ದ. ಚಾನೆಲ್ಲಿನ ಹೆಣ್ಣುಮಗಳು ನೋಡಿ ಫೋನು ಮಾಡಿದಳು. ನೋಡಿ ನೋಡಿ ನಕ್ಕೆ, ಇಂಥ ಕುದುರೆ ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಇನ್ನೊಂದು ಚಿತ್ರಕ್ಕೆ ಕತ್ತೆ ಸಿಗುತ್ತದೆಯೇ ಎಂದಳು. ಏಕನಾಥ ನನ್ನ ಕಡೆ ನೋಡಿದ್ದನ್ನು ಗಮನಿಸದವಳಂತೆ ನಟಿಸಿದೆ.

ಖಾನಾವಳಿಗೂ ಗಾದಿ ಅಂಗಡಿಗೂ ನಡುವೆ ಈಗ ಒಂದು ಸಣ್ಣ ಸಂದಿ ಮಾತ್ರ. ಕ್ರಿಕೆಟ್ಟಿನ ಹುಡುಗರು ನಮ್ಮ ಮೇಲೆ ಸಿಟ್ಟಾಗಿ ಕೆಲವು ದಿನ ನಮ್ಮನ್ನು ಕಂಡರೆ ದೂರ ಹೋದರು, ಅಂದರೆ ನಿಜವಾಗಿಯೂ ದೂರ. ಶಂಕ್ರಪ್ಪ ಕುರ್ಚಿ ಹೊತ್ತುಕೊಂಡು ಹೊಲ ಹಂಚಿಕೊಂಡ ಇಬ್ಬರು ಅಣ್ಣತಮ್ಮಂದಿರ ಮನೆಗಳ ನಡುವೆ ಹೋದ. ಅಲ್ಲಿ ಗಾಳಿ ಚೆನ್ನಾಗಿದೆಯಂತೆ, ಗಿರಾಕಿಯೂ ಹೆಚ್ಚು. ನಮ್ಮ ಊರಿನಲ್ಲಿ ಜಾಗಕ್ಕೆ ಬರ ಇಲ್ಲ.

ಚಿತ್ರ ತಯಾರಾದ ಭಾನುವಾರ ಇಬ್ಬರನ್ನೂ ನೋಡಲು ಕರೆದಿದ್ದೆವು. ಗಿರಣಿಯ ಮಗ್ಗುಲಿಂದ ನಮ್ಮ ಮಾಳಿಗೆಗೆ ಹತ್ತುವ ಮೆಟ್ಟಿಲು ಬಹಳ ಕಿರಿದು, ಒಬ್ಬರ ಹಿಂದೆ ಒಬ್ಬರು ಹತ್ತಬೇಕು. ನಾನು ಮೇಲಿನಿಂದ ಬಗ್ಗಿ ನೋಡುತ್ತಿದ್ದೆ. ಇಬ್ಬರೂ ಕೆಳಗೆ ಬಂದು ನಿಂತರು. ನೀಲವ್ವ ಚಂದ್ರಕಾಳಿ ಸೀರೆಯ ನಿರಿಗೆ ಎತ್ತಿಕೊಂಡು ರೂಢಿಯಂತೆ ಮುಂದಾದಳು. ಅಷ್ಟರಲ್ಲಿ ಹುಸೇನಬಿ ಆಕೆಯ ಪಕ್ಕದಿಂದ ಸರಿದು ಮೊದಲ ಮೆಟ್ಟಿಲು ಹತ್ತಿಬಿಟ್ಟಳು. ನೀಲವ್ವ ಒಂದು ಕ್ಷಣ ನಿಂತಳು. ಆಮೇಲೆ ಎರಡು ಮೆಟ್ಟಿಲು ಬಿಟ್ಟು ಹಿಂದೆ ಹತ್ತತೊಡಗಿದಳು.

"ಸಾವಕಾಶ ಹತ್ತ, ಹುಸೇನಾ. ನನಗ ಹಿಂದ ನಡದು ರೂಢಿ ಇಲ್ಲ."

"ರೂಢಿ ಆಕ್ಕೈತಿ ನಡಿ," ಎಂದಳು ಹುಸೇನಬಿ, ತಿರುಗಿ ನೋಡದೆ.